ಪದಾರ್ಥಕ್ಕೆ ಹೆಸರಿಡುವ ಎಣ್ಣೆ

ಕುಮಟೆಯ ಒಂದು ಕೊಂಕಣಿ ಮನೆಯಲ್ಲಿ ತೆಂಗಿನತುರಿ, ಹುರಿದ ಒಣಮೆಣಸು, ಚೂರು ಹುಣಸೆಹಣ್ಣು ಸೇರಿಸಿ ನುಣ್ಣಗೆ ಅರೆದಿಟ್ಟಿದ್ದಾರೆ ಎಂದುಕೊಳ್ಳಿ. ಬೇಳೆ ಬೆಂದಿದೆ, ತರಕಾರಿಯೂ ಬೆಂದಿದೆ, ಅರೆದದ್ದು ಪಾತ್ರೆಗೆ ಬಿದ್ದು ಒಂದು ಕುದಿಯೂ ಬಂದಿದೆ. ಆಗಲೂ ಆ ಪದಾರ್ಥಕ್ಕೆ ಹೆಸರು ಬಂದಿರುವುದಿಲ್ಲ. ತೆಂಗಿನೆಣ್ಣೆಯಲ್ಲಿ ಈರುಳ್ಳಿಯನ್ನು ಕೆಂಪಗೆ ಹುರಿದು ಮೇಲೆ ಸುರಿದರೆ ಅದು ಅಂಬಟ್. ಜಜ್ಜಿದ ಬೆಳ್ಳುಳ್ಳಿಯನ್ನು ಹುರಿದು ಸುರಿದರೆ ಕೊದ್ದೆಲ್. ಸಾಸಿವೆ, ಕರಿಬೇವು ಸಿಡಿಸಿದರೆ ಘಶಿ. ಊರಿಂದ ಊರಿಗೆ, ಮನೆಯಿಂದ ಮನೆಗೆ ಈ ಹೆಸರುಗಳು ಸ್ವಲ್ಪ ಆಚೀಚೆ ಜರುಗುತ್ತವೆ. ಕಾಳು ಯಾವುದು, ತರಕಾರಿ ಯಾವುದು ಎಂಬುದರ ಮೇಲೂ ಬದಲಾಗುತ್ತವೆ. ಆದರೆ ಕೊನೆಯ ಮಾತು ಹೇಳುವುದು ಮಾತ್ರ ಆ ಪುಟ್ಟ ಸೌಟಿನಲ್ಲಿರುವ ಬಿಸಿ ಎಣ್ಣೆ.

ಆ ಎಣ್ಣೆಗೆ ಕನ್ನಡದಲ್ಲಿ ಒಗ್ಗರಣೆ ಎನ್ನುತ್ತೇವೆ. ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲ್ಲೂಕುಗಳ ಕೊಂಕಣಿ ಮನೆಗಳಲ್ಲಿ ಫಣ್ಣ. ಘಟ್ಟ ಹತ್ತಿ ಬೆಳಗಾವಿಯ ಕಡೆ ಹೋದರೆ ಮರಾಠಿಯವರ ಬಾಯಲ್ಲಿ ಫೋಡಣಿ. ಭಟ್ಕಳದಲ್ಲಿ ಉರ್ದು ಆಡುವವರಿಗೆ ಬಘಾರ್. ನಮ್ಮ ಆಡುಮಾತು ಈ ಒಗ್ಗರಣೆಯನ್ನು ಎಷ್ಟು ಹಗುರ ಮಾಡಿಬಿಟ್ಟಿದೆ ನೋಡಿ. ಇದ್ದ ಸುದ್ದಿಗೆ ಇಲ್ಲದ್ದನ್ನು ಸೇರಿಸಿ ಹೇಳುವವನನ್ನು ‘ಒಗ್ಗರಣೆ ಹಾಕ್ತಾನೆ’ ಎನ್ನುತ್ತೇವೆ. ಮೇಲುಮೇಲಿನ ಅಲಂಕಾರ, ಬೇಕಿದ್ದರೆ ಇರಲಿ ಇಲ್ಲದಿದ್ದರೆ ಹೋಗಲಿ ಎಂಬ ಅರ್ಥ ಅದಕ್ಕೆ ಅಂಟಿಕೊಂಡಿದೆ. ಈ ಕರಾವಳಿಯ ಅಡುಗೆಮನೆಯಲ್ಲಿ ಒಂದು ದಿನ ನಿಂತು ನೋಡಿದವರು ಆ ಅರ್ಥವನ್ನು ಒಪ್ಪುವುದು ಕಷ್ಟ. ಇಲ್ಲಿ ಒಗ್ಗರಣೆ ಬದಲಾದರೆ ಪದಾರ್ಥವೇ ಬದಲಾಗುತ್ತದೆ.

ಈ ಪದದ ಬೇರು ದೂರದಲ್ಲಿದೆ. ಯಜ್ಞದಲ್ಲಿ ತುಪ್ಪ ಎರೆಯುವ ಕ್ರಮಕ್ಕೆ ‘ಆಘಾರ’ ಎಂಬ ಹೆಸರಿದೆ. ಗೋಕರ್ಣದ ವೈದಿಕರಿಗೆ ಇದು ಇಂದಿಗೂ ಬಳಕೆಯ ಮಾತು. ಅದೇ ಧಾತುವಿನಿಂದ ಬಂದ ‘ವ್ಯಾಘಾರಣ’ ಎಂದರೆ ತುಪ್ಪವನ್ನು ಚಿಮುಕಿಸುವುದು. ಪ್ರಾಕೃತದ ದಾರಿಯಲ್ಲಿ ಸವೆದು ಬಂದ ಆ ಪದವೇ ಹಿಂದಿ-ಉರ್ದುಗಳ ಬಘಾರ್, ಗುಜರಾತಿಯ ವಘಾರ್, ಕನ್ನಡದ ಒಗ್ಗರಣೆ ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಭಟ್ಕಳದ ಉರ್ದು ಮನೆಯ ಬಘಾರೂ ಪಕ್ಕದ ಬೀದಿಯ ಹವ್ಯಕರ ಮನೆಯ ಒಗ್ಗರಣೆಯೂ ಒಂದೇ ಬಳ್ಳಿಯ ಕಾಯಿಗಳು. ಮರಾಠಿಯ ಫೋಡಣಿಯಲ್ಲಿ ಮಾತ್ರ ಬೇರೆ ಚಿತ್ರವಿದೆ: ಫೋಡ್ ಎಂದರೆ ಒಡೆ, ಸಿಡಿ. ಸಾಸಿವೆಯ ಸದ್ದನ್ನು ಕೇಳಿ ಇಟ್ಟ ಹೆಸರು ಅದು.

ಮೆಣಸಿನಕಾಯಿ ಇಲ್ಲದ ಒಗ್ಗರಣೆಯನ್ನು ಇಂದು ಊಹಿಸಿಕೊಳ್ಳುವುದೇ ಕಷ್ಟ. ಆದರೆ ಈ ತೀರ ಅದನ್ನು ಶತಮಾನಗಳ ಕಾಲ ಉಂಡಿದೆ. 1340ರ ದಶಕದಲ್ಲಿ ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತ ಹೊನ್ನಾವರಕ್ಕೆ ಬಂದ. ಅವನ ಬರಹದಲ್ಲಿ ಊರಿನ ಹೆಸರು ಹಿನವ್ರ್. ಅಲ್ಲಿನ ಸುಲ್ತಾನ ಜಮಾಲುದ್ದೀನನ ಆತಿಥ್ಯವನ್ನು ಅವನು ಎಲೆಯ ಮುಂದೆ ಕೂತವನ ಹಸಿವಿನಿಂದಲೇ ವರ್ಣಿಸಿದ್ದಾನೆ. ತಟ್ಟೆಗೆ ಅನ್ನ ಬಡಿಸಿ ಅದರ ಮೇಲೆ ತುಪ್ಪ ಎರೆಯುತ್ತಿದ್ದರು. ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿದ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವು. ಆಮೇಲೆ ಕೋಳಿ, ಮೀನು, ತುಪ್ಪದಲ್ಲಿ ಮಾಡಿದ ತರಕಾರಿ ಒಂದಾದ ಮೇಲೊಂದು. ಕೊನೆಗೆ ಮೊಸರು ಬಂತೆಂದರೆ ಇನ್ನೇನೂ ಬರುವುದಿಲ್ಲ ಎಂದು ತಿಳಿಯಬೇಕು. ಅವನು ಹನ್ನೊಂದು ತಿಂಗಳು ಈ ಸುಲ್ತಾನನ ಬಳಿ ರೊಟ್ಟಿಯ ಮುಖ ನೋಡದೆ ಅನ್ನವನ್ನೇ ಉಂಡ. ಊಟದ ಈ ಕ್ರಮ ಇಂದಿನ ಹೊನ್ನಾವರದ ಯಾವ ಮನೆಯವರಿಗೂ ಅಪರಿಚಿತವೆನಿಸದು. ಆ ಊಟದ ಖಾರ ಮಾತ್ರ ಪೂರ್ತಿ ಕಾಳುಮೆಣಸಿನದು, ಶುಂಠಿಯದು.

ಕಾಳುಮೆಣಸು ಇಲ್ಲಿ ರಾಜಕಾರಣವೂ ಆಗಿತ್ತು. ಶರಾವತಿಯ ದಂಡೆಯ ಗೇರುಸೊಪ್ಪೆಯಿಂದ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಹೊನ್ನಾವರದಲ್ಲಿ ಕೋಟೆ ಕಟ್ಟಿಕೊಂಡು, ಅವಳ ಮೆಣಸಿಗಾಗಿ ಅವಳೊಡನೆ ಚೌಕಾಸಿಯನ್ನೂ ಜಗಳವನ್ನೂ ಮಾಡಿದವರು ಅವರು. ಅದೇ ಪೋರ್ಚುಗೀಸರ ಹಡಗುಗಳು ಅಮೆರಿಕ ಖಂಡದ ಮೆಣಸಿನಕಾಯಿಯನ್ನು ಹದಿನಾರನೆಯ ಶತಮಾನದಲ್ಲಿ ಈ ತೀರಕ್ಕೆ ತಂದವು. ಬಳ್ಳಿಯ ಮೆಣಸಿಗಾಗಿ ಬಂದವರು ಗಿಡದ ಮೆಣಸನ್ನು ಬಿಟ್ಟುಹೋದರು. ಹೊಸಬ ಹಳಬನ ಹೆಸರನ್ನೇ ಹೊತ್ತುಕೊಂಡ. ಈಗ ಬರೀ ‘ಮೆಣಸು’ ಎಂದರೆ ಕೆಂಪನೆಯದು. ಮೂಲದವನನ್ನು ‘ಕಾಳುಮೆಣಸು’, ‘ಒಳ್ಳೆಮೆಣಸು’ ಎಂದು ಗುರುತು ಹಚ್ಚಿ ಕರೆಯಬೇಕಾಗಿದೆ. ‘ಒಳ್ಳೆ’ ಎಂಬ ಆ ವಿಶೇಷಣದಲ್ಲಿ ಹಳೆಯ ನಿಷ್ಠೆ ಇನ್ನೂ ಉಳಿದಿದೆ.

ಆ ನಿಷ್ಠೆ ತಂಬುಳಿಯಲ್ಲಿ ಕಾಣುತ್ತದೆ. ಒಂದೆಲಗವೋ ದೊಡ್ಡಪತ್ರೆಯೋ ಯಾವುದಾದರೂ ಸೊಪ್ಪನ್ನು ಬಾಡಿಸಿ, ತುಪ್ಪದಲ್ಲಿ ಹುರಿದ ಜೀರಿಗೆ, ಒಳ್ಳೆಮೆಣಸಿನ ಜೊತೆ ತೆಂಗಿನತುರಿ ಹಾಕಿ ಅರೆದು ಮಜ್ಜಿಗೆಯಲ್ಲಿ ಕದಡುತ್ತಾರೆ. ತಂಬುಳಿ ಕುದಿಯುವುದಿಲ್ಲ. ಸಿದ್ಧವಾದ ತಂಬುಳಿಗೆ ತಾಗುವ ಬಿಸಿಯೆಂದರೆ ಕೊನೆಯಲ್ಲಿ ಬೀಳುವ ಸಾಸಿವೆ, ಒಣಮೆಣಸಿನ ಒಗ್ಗರಣೆಯೊಂದೇ. ತಣ್ಣನೆಯ ಮಜ್ಜಿಗೆಗೆ ಬಿದ್ದ ಬಿಸಿ ತೆಂಗಿನೆಣ್ಣೆ ಮೇಲೆ ಸಣ್ಣ ಸಣ್ಣ ಕಣ್ಣುಗಳಾಗಿ ನಿಲ್ಲುತ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವ ಎಣ್ಣೆ. ಮಜ್ಜಿಗೆ ತುಂಬ ತಣ್ಣಗಿದ್ದರೆ ಆ ಕಣ್ಣುಗಳು ಬೆಳ್ಳಗೆ ಬಿಗಿಯುತ್ತವೆ. ಫ್ರಿಜ್ಜಿನಿಂದ ತೆಗೆದ ಮೊಸರಿನಲ್ಲಿ ತಂಬುಳಿ ಮಾಡಬಾರದು ಎಂದು ಹಿರಿಯರು ಗದರುವುದರಲ್ಲಿ ಅರ್ಥವಿದೆ.

ಅಪ್ಪೆಹುಳಿಯದು ಇದಕ್ಕೆ ತೀರ ಬೇರೆ ದಾರಿ. ಕಾಡಿನ ಅಪ್ಪೆಮಾವನ್ನು ಬೇಯಿಸಿ, ಕಿವುಚಿ, ನೀರು ನೀರಾಗಿ ಮಾಡಿದ ಈ ಹುಳಿಗೆ ತೆಂಗಿನತುರಿಯೂ ಇಲ್ಲ, ಬೇಳೆಯೂ ಇಲ್ಲ. ಮಾವಿನ ಪರಿಮಳ ಒಂದು ಕಡೆ, ಇಂಗು-ಸಾಸಿವೆ-ಸೂಜಿಮೆಣಸಿನ ಒಗ್ಗರಣೆ ಇನ್ನೊಂದು ಕಡೆ; ನಡುವೆ ಅಡ್ಡ ಬರುವವರು ಯಾರೂ ಇಲ್ಲ. ಇಲ್ಲಿ ಒಗ್ಗರಣೆ ಸ್ವಲ್ಪ ಸೀದರೂ ಮುಚ್ಚಿಡಲು ಜಾಗವಿಲ್ಲ. ಒಬ್ಬರ ಕೈಯ ಒಗ್ಗರಣೆಯನ್ನು ಪರೀಕ್ಷೆ ಮಾಡಬೇಕಾದರೆ ನಾನು ಅಪ್ಪೆಹುಳಿಯನ್ನೇ ಕೇಳುತ್ತೇನೆ.

ಸೀಯುವುದು ಸೀಯದಿರುವುದು ಕೆಲವೇ ಸೆಕೆಂಡುಗಳ ಪ್ರಶ್ನೆ. ಅದಕ್ಕೇ ಒಗ್ಗರಣೆಗೆ ಒಂದು ಸರದಿಯಿದೆ, ಆ ಸರದಿಗೆ ಕಾರಣವಿದೆ. ಮೊದಲು ಎಣ್ಣೆ ಕಾಯಬೇಕು, ಹೊಗೆಯಾಡಬಾರದು. ಗಾಣದ ತೆಂಗಿನೆಣ್ಣೆ 175 ಡಿಗ್ರಿಯ ಆಸುಪಾಸಿನಲ್ಲೇ ಹೊಗೆಯಾಡಲು ಶುರುಮಾಡುತ್ತದೆ, ಹಾಗಾಗಿ ಸೂರ್ಯಕಾಂತಿ ಎಣ್ಣೆಗೆ ಒಗ್ಗಿದ ಕೈ ಇಲ್ಲಿ ಸ್ವಲ್ಪ ಎಚ್ಚರದಿಂದಿರಬೇಕು. ಸಾಸಿವೆ ಮೊದಲು ಬೀಳುತ್ತದೆ. ಕಾಳಿನೊಳಗಿನ ತೇವ ಆವಿಯಾಗಿ ಸಿಪ್ಪೆಯನ್ನು ಒಡೆಯುವುದೇ ಆ ಚಟಪಟ. ಸಾಸಿವೆಯ ಮೂಗಿಗೇರುವ ಖಾರ ಹುಟ್ಟುವುದು ಅದನ್ನು ಹಸಿಯಾಗಿ ನೀರಿನ ಜೊತೆ ಅರೆದಾಗ, ಕಾಳಿನೊಳಗಿನ ಕಿಣ್ವವೊಂದು ಎಚ್ಚೆತ್ತು ಕೆಲಸ ಮಾಡಿದಾಗ. ಬಿಸಿ ಎಣ್ಣೆಯಲ್ಲಿ ಆ ಕಿಣ್ವ ಸತ್ತುಹೋಗುತ್ತದೆ. ಉಳಿಯುವುದು ಹುರಿದ ಬೀಜದ ಕಂಪು. ಮಾವಿನಹಣ್ಣಿನ ಸಾಸಿವೆ ಎಂಬ ಪದಾರ್ಥದಲ್ಲಿ ಹಸಿ ಸಾಸಿವೆಯನ್ನು ತೆಂಗಿನತುರಿಯೊಂದಿಗೆ ಅರೆಯುತ್ತಾರೆ, ಮೇಲೆ ಅದೇ ಸಾಸಿವೆಯ ಒಗ್ಗರಣೆ ಕೊಡುತ್ತಾರೆ. ಒಂದೇ ಕಾಳಿನ ಎರಡು ರುಚಿ ಒಂದೇ ಬಟ್ಟಲಿನಲ್ಲಿ ಸಿಗುವುದು ಅಲ್ಲಿ.

ಸಾಸಿವೆಯ ಸದ್ದು ಇಳಿಯುತ್ತ ಬಂದಾಗ ಉದ್ದಿನಬೇಳೆ, ಆಮೇಲೆ ಮುರಿದ ಒಣಮೆಣಸು. ಮೆಣಸಿನ ಖಾರದ ಅಂಶವಾದ ಕ್ಯಾಪ್ಸೈಸಿನ್ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ, ಕೆಂಪು ಬಣ್ಣವೂ ಹಾಗೆಯೇ. ಈ ಕಾರಣಕ್ಕೇ ಘಟ್ಟದ ಮೇಲಿನ ಬ್ಯಾಡಗಿ ಮೆಣಸು ಕರಾವಳಿಯ ಅಡುಗೆಮನೆಗೆ ಇಷ್ಟು ಪ್ರಿಯ. ಅದರಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಬ್ಯಾಡಗಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದೂ ಇದೇ ಗುಣದ ಬಲದಿಂದ. ಖಾರ ಬೇಕೆನ್ನುವ ಮನೆಗಳು ಹಿತ್ತಲಿನ ಸೂಜಿಮೆಣಸನ್ನು ಒಣಗಿಸಿಟ್ಟುಕೊಳ್ಳುತ್ತವೆ. ಮೆಣಸು ಉಬ್ಬಿ ಗಾಢ ಕೆಂಪಾದ ಕೂಡಲೇ ಒಲೆಯಿಂದ ಇಳಿಸಬೇಕು. ಕಪ್ಪಾಯಿತೆಂದರೆ ಮನೆಯವರೆಲ್ಲ ಕೆಮ್ಮುತ್ತಾರೆ, ಸಾರು ಕಹಿಯಾಗುತ್ತದೆ. ಮೆಣಸಿನ ಪುಡಿಯಾದರಂತೂ ಬೆಂಕಿ ಆರಿಸಿದ ಮೇಲೆಯೇ ಎಣ್ಣೆಗೆ ಬೀಳಬೇಕು.

ಇಂಗು ಈ ಕತೆಯಲ್ಲಿ ವಿದೇಶಿ. ಇರಾನ್, ಅಫ್ಘಾನಿಸ್ತಾನಗಳ ಒಣ ಬೆಟ್ಟಗಳಲ್ಲಿ ಬೆಳೆಯುವ ಗಿಡದ ಬೇರಿನಿಂದ ಒಸರುವ ಹಾಲು ಅದು. ಭಾರತದ ಅಡುಗೆಮನೆ ಸಾವಿರಾರು ವರ್ಷ ಆಮದನ್ನೇ ನಂಬಿತ್ತು. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಪಾಲಂಪುರದ ವಿಜ್ಞಾನಿಗಳು ಇಂಗಿನ ಸಸಿ ನೆಟ್ಟದ್ದು 2020ರ ಅಕ್ಟೋಬರಿನಲ್ಲಿ. ಬೆಳ್ಳುಳ್ಳಿ ಮುಟ್ಟದ ದಿನಗಳಲ್ಲಿ, ಹಬ್ಬದ ಎಲೆಯಲ್ಲಿ, ಆ ಗಂಧಕದ ಘಮವನ್ನು ತುಂಬಿಕೊಡುವುದು ಇಂಗು. ಕೊಂಕಣಿ ಮನೆಗಳ ದಾಳಿತೊಯ್ ಇದಕ್ಕೆ ಸಾಕ್ಷಿ. ಬರೀ ತೊಗರಿಬೇಳೆ, ಹಸಿಮೆಣಸು, ಉಪ್ಪು. ಮೇಲೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಕರಿಬೇವು. ಅದರ ಇಂಗು ಗಟ್ಟಿ ಇಂಗು, ನೀರಿನಲ್ಲಿ ನೆನೆಸಿಟ್ಟದ್ದು. ಪುಡಿ ಇಂಗಿನ ಡಬ್ಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹಿಟ್ಟೇ ಇರುವುದರಿಂದ, ಗಟ್ಟಿ ಇಂಗಿನ ತುಂಡೊಂದನ್ನು ಹುಡುಕಿ ತರುವ ಶ್ರಮ ವ್ಯರ್ಥವಾಗುವುದಿಲ್ಲ ಎಂದು ಒತ್ತಿ ಹೇಳುತ್ತೇನೆ.

ಕೊನೆಗೆ ಕರಿಬೇವು, ಅದರ ಬೆನ್ನಿಗೇ ಪಾತ್ರೆಗೆ ಸುರಿಯುವುದು, ಸುರಿದ ಕೂಡಲೇ ಮುಚ್ಚಳ ಮುಚ್ಚುವುದು. ಮುಚ್ಚದೆ ಬಿಟ್ಟರೆ ಪರಿಮಳ ಪಕ್ಕದ ಮನೆಗೆ ಹೋಗುತ್ತದೆ, ಊಟಕ್ಕೆ ಸಿಗುವುದಿಲ್ಲ.

ಈರುಳ್ಳಿಯ ಒಗ್ಗರಣೆಯ ಬಗ್ಗೆ ಕುಮಟೆಯವರಿಗೆ ಒಂದು ಹೆಮ್ಮೆಯಿದೆ, ಅದು ನ್ಯಾಯವಾದದ್ದು. ಬೇಸಿಗೆಯಲ್ಲಿ ಹೆದ್ದಾರಿ 66ರಲ್ಲಿ ಹೋದವರು ಅಳ್ವೆಕೋಡಿ, ಹಂದಿಗೋಣದ ಬಳಿ ರಸ್ತೆಬದಿಯಲ್ಲಿ ಹೆಣೆದು ತೂಗುಹಾಕಿದ ಈರುಳ್ಳಿ ಗೊಂಚಲುಗಳನ್ನು ನೋಡಿರುತ್ತಾರೆ. ಅದು ಕುಮಟೆಯ ಸಿಹಿ ಈರುಳ್ಳಿ. ಖಾರ ಕಡಿಮೆ, ಸಿಹಿ ಹೆಚ್ಚು. ತೆಂಗಿನೆಣ್ಣೆಯಲ್ಲಿ ಹುರಿದರೆ ಬೇಗ ಕೆಂಪೇರುತ್ತದೆ, ಆ ಎಣ್ಣೆಯೇ ಸಿಹಿಯಾಗುತ್ತದೆ. ಅಂಬಟ್‌ನ ಹುಳಿಯ ಮೇಲೆ ಆ ಸಿಹಿ ಎಣ್ಣೆ ಬಿದ್ದಾಗ ಆಗುವ ಹೊಂದಾಣಿಕೆ ಬೇರೆ ಈರುಳ್ಳಿಯಿಂದ ಸಿಗದು. ಬಟಾಟಾ ಸಾಂಗ್ ಎಂಬ ಇನ್ನೊಂದು ಪದಾರ್ಥವಿದೆ. ಈರುಳ್ಳಿ, ಮೆಣಸಿನ ಪುಡಿ, ಹುಣಸೆ, ಬೇಯಿಸಿದ ಬಟಾಟೆ. ಅದರಲ್ಲಿ ಒಗ್ಗರಣೆಯೇ ಬೆಳೆದು ಪದಾರ್ಥವಾಗಿದೆ. ದಾವಣಗೆರೆಯ ಕಡೆ ಮಂಡಕ್ಕಿಯನ್ನು ಹೀಗೆಯೇ ಕೆದಕಿ, ‘ಒಗ್ಗರಣಿ’ ಎಂದೇ ಕರೆದು, ಮಿರ್ಚಿಯ ಜೊತೆ ಕೊಡುತ್ತಾರೆ.

ಭಟ್ಕಳಕ್ಕೆ ಬಂದರೆ ಎಣ್ಣೆಯ ಮಾತು ಇನ್ನೊಂದು ತಿರುವು ತೆಗೆದುಕೊಳ್ಳುತ್ತದೆ. ಇಲ್ಲಿನ ಮುಸ್ಲಿಂ ಸಮುದಾಯವಾದ ನವಾಯತರ ಮಾತು ಕೊಂಕಣಿಯದೇ ಕವಲು. ಬರೆಯುವುದು ಪಾರ್ಸಿ-ಅರಬಿ ಲಿಪಿಯಲ್ಲಿ. ಅವರ ಅಡುಗೆಯೂ ಹೀಗೆ ಎರಡು ಕಡೆಯ ಬೇರಿನಿಂದ ಬೆಳೆದದ್ದು. ಭಟ್ಕಳದ ಬಿರಿಯಾನಿಯಲ್ಲಿ ಅನ್ನ ಬಹುಪಾಲು ಬೆಳ್ಳಗೇ ಇರುತ್ತದೆ, ಅಲ್ಲಲ್ಲಿ ಕಿತ್ತಳೆ ಬಣ್ಣದ ಗೆರೆ. ಅದರ ಮಸಾಲೆಯ ಬೆನ್ನೆಲುಬು ಕರಗುವವರೆಗೆ ಬಾಡಿದ ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸು. ಜೊತೆಗೆ ಕರಿಬೇವು. ಲಖನೌದ ಬಾಣಸಿಗ ಬಿರಿಯಾನಿಗೆ ಕರಿಬೇವು ಹಾಕುವುದನ್ನು ಕನಸಿನಲ್ಲೂ ಎಣಿಸಲಾರ. ಅನ್ನದ ಬದಲು ಶಾವಿಗೆಯನ್ನು ಪದರಪದರವಾಗಿ ಹಾಕುವ ಶೈಯ್ಯೊ ಬಿರಿಯಾನಿ ಈ ಊರಿನದೇ ಸೃಷ್ಟಿ. ಉರ್ದು ಅಡುಗೆಮಾತಿನಲ್ಲಿ ಮಾಂಸದ ಸಾರಿನ ಮೇಲೆ ಕೆಂಪಗೆ ತೇಲುವ ಖಾರದ ಎಣ್ಣೆಗೆ ‘ರೋಗನ್’ ಅಥವಾ ‘ತರಿ’ ಎಂಬ ಪ್ರತ್ಯೇಕ ಹೆಸರಿದೆ. ಕೊಲ್ಲಾಪುರದ ಮಿಸಳ್ ಅಂಗಡಿಯಲ್ಲಿ ಅದೇ ‘ಕಟ್’. ಕನ್ನಡದಲ್ಲಿ ಈ ಎಣ್ಣೆಗೆ ನಾಮಪದ ಕಾಣೆ. ನಾವು ‘ಎಣ್ಣೆ ಬಿಟ್ಟುಕೊಂಡಿದೆ’ ಎನ್ನುತ್ತೇವೆ. ಒಗ್ಗರಣೆಯ ಎಣ್ಣೆ ಹೊರಗಿನಿಂದ ಸೇರುವಂಥದು, ರೋಗನ್ ಪದಾರ್ಥದ ಒಳಗಿನಿಂದಲೇ ಬೇಯುತ್ತ ಬೇಯುತ್ತ ಹೊರಬರುವಂಥದು. ಎರಡನ್ನೂ ‘ಖಾರದ ಎಣ್ಣೆ’ ಎಂಬ ಒಂದೇ ಚೀಲಕ್ಕೆ ತುಂಬುವ ಅಡುಗೆ ವಿಡಿಯೊಗಳು ಈ ವ್ಯತ್ಯಾಸವನ್ನು ಅಳಿಸುತ್ತಿವೆ.

ಒಗ್ಗರಣೆಯನ್ನೇ ಬೇಡವೆನ್ನುವ ಅಡುಗೆಯೂ ಇದೇ ತೀರದಲ್ಲಿದೆ, ಅದನ್ನು ಹೇಳದಿದ್ದರೆ ಚಿತ್ರ ಪೂರ್ತಿಯಾಗದು. ಬಂಗಡೆ ಸಾರಿಗೆ ಬಹಳ ಮನೆಗಳಲ್ಲಿ ಒಗ್ಗರಣೆ ಕೊಡುವುದಿಲ್ಲ. ಜುಮ್ಮನಕಾಯಿಯನ್ನು, ಕೊಂಕಣಿಯಲ್ಲಿ ತೆಪ್ಪಳ ಎನ್ನುವುದನ್ನು, ಜಜ್ಜಿ ಸಾರಿಗೆ ಹಾಕಿ, ಕೊನೆಯಲ್ಲಿ ಒಂದು ಚಮಚ ಹಸಿ ತೆಂಗಿನೆಣ್ಣೆ ಎರೆದು ಪಾತ್ರೆಯನ್ನೊಮ್ಮೆ ಸುತ್ತಿಸಿ ಇಳಿಸುತ್ತಾರೆ, ಅಷ್ಟೇ. ನಾಲಿಗೆ ಜುಮ್ಮೆನ್ನಿಸುವ ಆ ಕಾಯಿಯ ನಿಂಬೆಯಂಥ ಘಮ ಬಿಸಿ ಎಣ್ಣೆಯಲ್ಲಿ ಹಾರಿಹೋಗುತ್ತದೆ, ಹಸಿ ಎಣ್ಣೆಯಲ್ಲಿ ನಿಲ್ಲುತ್ತದೆ. ಬದನೆಕಾಯಿ ಸುಟ್ಟ ಗೊಜ್ಜಿಗೂ ಹಸಿ ಎಣ್ಣೆಯೇ ಚೆಂದ. ಒಣಸಿಗಡಿ ಚಟ್ನಿಯಲ್ಲಿ ಸುಟ್ಟ ಮೆಣಸು, ಉಪ್ಪು, ಈರುಳ್ಳಿಯನ್ನು ಹಸಿ ಎಣ್ಣೆಯೊಡನೆ ಕೈಯಲ್ಲೇ ಹಿಚುಕಿ ಗಂಜಿಗೆ ನೆಂಚಿಕೊಳ್ಳುತ್ತಾರೆ. ಇವೂ ಖಾರ ಹೀರಿದ ಎಣ್ಣೆಗಳೇ, ಒಲೆ ಕಾಣದವು. ಎಲ್ಲಿ ಕಾಯಿಸಬೇಕು, ಎಲ್ಲಿ ಕಾಯಿಸಬಾರದು ಎಂಬ ವಿವೇಕ ಈ ಅಡುಗೆಯ ನಿಜವಾದ ವಿದ್ಯೆ ಎಂದು ನನಗನ್ನಿಸಿದೆ. ಅಪ್ಪೆಮಿಡಿಯ ಉಪ್ಪಿನಕಾಯಿಯನ್ನೇ ನೋಡಿ: ಉತ್ತರ ಭಾರತದ ಉಪ್ಪಿನಕಾಯಿ ಎಣ್ಣೆಯಲ್ಲಿ ಮುಳುಗಿದ್ದರೆ, ನಮ್ಮ ಮಿಡಿ ಉಪ್ಪುನೀರಿನಲ್ಲೇ ವರ್ಷಗಟ್ಟಲೆ ಗಟ್ಟಿಯಾಗಿ ಉಳಿಯುತ್ತದೆ.

ಇತ್ತೀಚೆಗೆ ಪೇಟೆಯ ಅಂಗಡಿಗಳಲ್ಲಿ ಚೀನಾ ಬಗೆಯ ಖಾರದ ಎಣ್ಣೆಯ ಬಾಟಲಿಗಳು ಸಾಲಾಗಿ ನಿಂತಿವೆ. ಗುಯಿಝೌ ಪ್ರಾಂತ್ಯದ ‘ಲಾವೊ ಗಾನ್ ಮಾ’ ಜಗತ್ತಿನೆಲ್ಲೆಡೆ ಹೆಸರಾದ ಮೇಲೆ ಈ ರುಚಿ ನಮ್ಮಲ್ಲಿಗೂ ಬಂತು. ಅದು ಒಳ್ಳೆಯ ವಸ್ತುವೇ. ಆದರೆ ಅದನ್ನು ನೋಡಿ ಮನೆಯಲ್ಲೇ ಒಗ್ಗರಣೆ ಮಾಡಿ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸ ಹಬ್ಬುತ್ತಿರುವುದು ನನಗೆ ಕಳವಳದ ವಿಷಯ. ರುಚಿ ಹೋಗುತ್ತದೆ ಎಂಬುದು ಚಿಕ್ಕ ಕಾರಣ. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಟ್ಟರೆ ಗಾಳಿಯಿಲ್ಲದ ಆ ಜಾಗದಲ್ಲಿ ಬೊಟುಲಿಸಮ್ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಅದರ ವಿಷ ಮಾರಕ, ವಾಸನೆಯಿಂದಲೂ ಗೊತ್ತಾಗದು. ಕಾರ್ಖಾನೆಯವರು ಅದಕ್ಕೆ ತಕ್ಕ ಸಂಸ್ಕರಣೆ ಮಾಡಿರುತ್ತಾರೆ, ಮನೆಯಲ್ಲಿ ಆಗುವುದಿಲ್ಲ. ನಮ್ಮ ಒಗ್ಗರಣೆ ಹೊತ್ತುಹೊತ್ತಿಗೆ ಬೇಕಾದಷ್ಟೇ ಮಾಡುವಂಥದು, ಹಾಗೆಯೇ ಇರಲಿ.

ಈ ತೀರದ ಊರುಗಳ ಹೆಸರುಗಳು ಮುಂಬಯಿಯಲ್ಲಿ ಅಡ್ಡಹೆಸರುಗಳಾಗಿ ಬದುಕಿವೆ. ಭಟ್ಕಳ ತಾಲ್ಲೂಕಿನ ಶಿರಾಲಿಯ ಚಿತ್ರಾಪುರ ಮಠದ ಶಿಷ್ಯರಾದ ಸಾರಸ್ವತರಲ್ಲಿ ಭಟ್ಕಳ, ಹೊನ್ನಾವರ, ಕುಮಟಾ, ಹಳದಿಪುರ, ಮುರ್ಡೇಶ್ವರ ಎಲ್ಲವೂ ಮನೆತನದ ಹೆಸರುಗಳು. ಗಾಂವದೇವಿ, ತಾಳಮಕಿವಾಡಿಗಳ ಅವರ ವಸತಿಗಳಲ್ಲಿ ಊರಿನ ಅಡುಗೆ ಮರಾಠಿ ಮಾತಿನ ನಡುವೆ ಉಳಿದುಕೊಂಡಿತು. ಅಂಬಾಬಾಯಿ ಸಂಶಿ ಅವರ ಮರಾಠಿ ಪುಸ್ತಕ ‘ರಸಚಂದ್ರಿಕಾ’ ಆ ಮನೆಗಳ ಹೊಸ ಸೊಸೆಯಂದಿರ ಕೈಪಿಡಿಯಾಯಿತು. ಅಂಬಟ್‌ಗೆ ಈರುಳ್ಳಿ, ಕೊದ್ದೆಲ್‌ಗೆ ಬೆಳ್ಳುಳ್ಳಿ ಎಂಬ ನಿಯಮ ಊರು ಬಿಟ್ಟ ಮೇಲೂ ಸಡಿಲವಾಗದಿರುವುದಕ್ಕೆ ಇಂಥ ಬರವಣಿಗೆಯ ಋಣ ದೊಡ್ಡದು. ಕನ್ನಡದಲ್ಲಿ ನಮಗೆ 1508ರ ಸುಮಾರಿನ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಇದೆ, ಅದಕ್ಕೂ ಹಿಂದೆ ಹನ್ನೊಂದನೆಯ ಶತಮಾನದ ‘ಲೋಕೋಪಕಾರ’ದಲ್ಲಿ ಅಡುಗೆಯ ಅಧ್ಯಾಯವಿದೆ. ಶಿರಾಲಿಯಿಂದ ಸಾಣಿಕಟ್ಟೆಯವರೆಗೆ, ಯಾವ ಮನೆಯಲ್ಲಿ ಯಾವ ಪದಾರ್ಥಕ್ಕೆ ಯಾವ ಒಗ್ಗರಣೆ ಎಂದು ಜಾತಿ, ಮತ ನೋಡದೆ ಬರೆದಿಡುವ ಕೆಲಸವನ್ನು ಯಾರಾದರೂ ಕೈಗೆತ್ತಿಕೊಳ್ಳಬೇಕು. ಹೇಳಿಕೊಡಬಲ್ಲ ಅಜ್ಜಿಯಂದಿರು ಇನ್ನೂ ಇದ್ದಾರೆ.

ಎಣ್ಣೆಯ ಬೆಲೆಯ ಮಾತು ಬಿಡುವಂತಿಲ್ಲ. 2025ರಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿತು. ಹೋಟೆಲುಗಳು ಪಾಮೋಲಿನ್‌ಗೆ ಹೊರಳಿ ಬಹಳ ಕಾಲವಾಗಿದೆ, ಮನೆಗಳೂ ಈಗ ಹಿಂದೆಮುಂದೆ ನೋಡುತ್ತಿವೆ. ಆರೋಗ್ಯದ ಪ್ರಶ್ನೆಯೂ ಇದೆ: ತೆಂಗಿನೆಣ್ಣೆಯಲ್ಲಿ ಪರ್ಯಾಪ್ತ ಕೊಬ್ಬು ನೂರಕ್ಕೆ ತೊಂಬತ್ತರಷ್ಟು, ಹೃದಯತಜ್ಞರು ಮಿತ ಬಳಕೆಯ ಮಾತು ಹೇಳುತ್ತಾರೆ. ಎರಡಕ್ಕೂ ಒಂದೇ ಉಪಾಯವಿದೆ. ಪಲ್ಯ ಬಾಡಿಸಲು, ದೋಸೆ ಹೊಯ್ಯಲು, ಕರಿಯಲು ಯಾವ ಎಣ್ಣೆಯಾದರೂ ನಡೆಯುತ್ತದೆ. ಅಲ್ಲಿ ಎಣ್ಣೆಯ ಪರಿಮಳ ಹೇಗೂ ಉಳಿಯುವುದಿಲ್ಲ. ಒಗ್ಗರಣೆಗೆ ಮಾತ್ರ ಗಾಣದ ತೆಂಗಿನೆಣ್ಣೆ ಇಟ್ಟುಕೊಳ್ಳಿ. ನಾಲ್ಕು ಜನರ ದಾಳಿತೊಯ್‌ಗೆ ಎರಡು ಚಮಚ ಸಾಕು, ತಿಂಗಳಿಗೆ ಅರ್ಧ ಲೀಟರು ಖರ್ಚಾಗದು. ಕೊಬ್ಬರಿ ಒಣಗಿಸಿಕೊಂಡು ಹೋದರೆ ಕಣ್ಣೆದುರೇ ಹಿಂಡಿಕೊಡುವ ಗಿರಣಿಗಳು ಈ ಕರಾವಳಿಯಲ್ಲಿ ಇನ್ನೂ ನಡೆಯುತ್ತಿವೆ.